ಎರಡು ಇಂಚು

ಮೊನ್ನೆ ದೀಪಾವಳಿಗೆ ನಮ್ಮ ಅಕ್ಕನ ಮೊಮ್ಮಗ ಬೆಂಗಳೂರಿನಿಂದ ಬಂಗಾರಪೇಟೆಗೆ ತನ್ನ ಹೊಸ ಕಾರಿನಲ್ಲಿ ಬಂದಿದ್ದ. ಹೊಸದೆಂದರೆ ಅವನಿಗೆ ಹೊಸದು. ಕೊಂಡದ್ದು ಎರಡನೆಯ ಕೈಯಲ್ಲಿ. ಒಬ್ಬಟ್ಟಿನ ಊಟ ಮುಗಿಸಿ ಅಂಗಳಕ್ಕೆ ಹೋದವನು ಮುಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರಿಸಿ ತೋರಿಸಿದ. 'ನೋಡಿ ತಾತ, ಎಷ್ಟು ಸಂದು! ಜಟಕಾ ಥರ ಕಾಣುತ್ತೆ. ಎರಡಿಂಚು ಇಳಿಸಬೇಕು' ಎಂದ.

ಫೋನಿನಲ್ಲಿ ಪಟ್ಟಿಯನ್ನೂ ಮಾಡಿಕೊಂಡು ಬಂದಿದ್ದ. ಗಿಡ್ಡ ಸ್ಪ್ರಿಂಗುಗಳ ಒಂದು ಸೆಟ್ಟು ಒಂದು ಬೆಲೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡೂ ಕೂಡಿದ, ತಿರುಪು ತಿರುಗಿಸಿ ಎತ್ತರ ಬದಲಾಯಿಸಬಹುದಾದ ಕಾಯಿಲ್ ಓವರ್ ಎಂಬ ಸಾಮಾನಿಗೆ ಅದರ ಮೂರು ನಾಲ್ಕು ಪಟ್ಟು. ಎರಡೂ ಬೇಡವೆಂದರೆ ಇರುವ ಸ್ಪ್ರಿಂಗಿನಲ್ಲೇ ಎರಡು ಸುತ್ತು ಕತ್ತರಿಸಿ ಕೊಡುವ ಗ್ಯಾರೇಜು ಇದೆಯಂತೆ. ಅದಕ್ಕೆ ನಾಲ್ಕು ಜನರ ಬಿರಿಯಾನಿಯಷ್ಟು ಖರ್ಚು. 'ಮೂರನೆಯದೇ ಸಾಕಲ್ವಾ ತಾತ? ಹೇಗಿದ್ದರೂ ಕಬ್ಬಿಣ ಕಬ್ಬಿಣವೇ ತಾನೆ?'

ನಾನು ನಗಬೇಕಿತ್ತು. ನಗು ಬರಲಿಲ್ಲ. 1977ರಲ್ಲಿ ಇದೇ ಅಂಗಳದಲ್ಲಿ ನಿಂತು ಈ ಮಾತನ್ನು ನಾನೇ ಆಡಿದ್ದೆ. ಆಡಿದ್ದಷ್ಟೇ ಅಲ್ಲ, ಗರಗಸ ಹಿಡಿದು ಕತ್ತರಿಸಿಯೂ ಇದ್ದೆ.

ಆ ಹುಡುಗ ಜಟಕಾ ಎಂದದ್ದು ಬೈಗುಳಕ್ಕೆ. ಅವನು ಜಟಕಾ ಕಂಡವನಲ್ಲ. ನಾನು ಚಿಕ್ಕವನಿದ್ದಾಗ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಅವು ಸಾಲಾಗಿ ನಿಂತಿರುತ್ತಿದ್ದವು. ನಮ್ಮದು ರೈಲು ಹುಟ್ಟಿಸಿದ ಊರು. ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲು ಬಂತು. ಆ ಕಾಲದ ಮೈಸೂರಿನ ಕಮಿಷನರ್ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆಯಾಯಿತು. ಕೋಲಾರದ ಚಿನ್ನದ ಗಣಿಗೆ ಇಲ್ಲಿಂದ ಕವಲು ಹಾದಿ ಬಿದ್ದದ್ದು 1894ರಲ್ಲಿ. ಹಾಗಾಗಿ ಗಣಿಗೆ ಹೋಗುವ ಯಂತ್ರ, ಕಲ್ಲಿದ್ದಲು, ದೊರೆಗಳು, ಉತ್ತರ ಆರ್ಕಾಟಿನ ಕೂಲಿಗಳು ಎಲ್ಲರೂ ನಮ್ಮೂರಿನ ಪ್ಲಾಟ್‌ಫಾರಮ್ಮಿನ ಮೇಲೆ ಕಾಲಿಟ್ಟೇ ಮುಂದೆ ಹೋಗಬೇಕಾಗಿತ್ತು. ಹೊರಗೆ ಎರಡು ಬಗೆಯ ಗಾಡಿ. ಸಾಮಾನಿಗೆ ಎತ್ತಿನ ಗಾಡಿ, ಜನಕ್ಕೆ ಜಟಕಾ. ಎತ್ತಿನ ಗಾಡಿಯ ಅಚ್ಚಿನ ಮೇಲೆ ಮರವೇ ನೇರವಾಗಿ ಕೂತಿರುತ್ತದೆ. ರಸ್ತೆಯ ಪ್ರತಿ ಕಲ್ಲೂ ಸೊಂಟಕ್ಕೆ ವರದಿ ಒಪ್ಪಿಸುತ್ತದೆ. ಜಟಕಾದ ಕೆಳಗೆ ಒಂದರ ಮೇಲೊಂದು ಕೂತ ಉಕ್ಕಿನ ಕಮಾನು ಪಟ್ಟಿಗಳು. ಅದೇ ಇವೆರಡರ ಬಾಡಿಗೆಯ ವ್ಯತ್ಯಾಸ.

ಈ ಪಟ್ಟಿಯ ಹಿಂದೆ ಒಂದು ಸ್ವಾರಸ್ಯವಿದೆ. ಲಂಡನ್ನಿನಲ್ಲಿ ಒಬಡಯಾ ಎಲಿಯಟ್ ಎಂಬ ಸಾರೋಟು ತಯಾರಕ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಂಡಾಕಾರದ ಕಮಾನು ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಸಾರೋಟಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಒಂದು ಭಾರಿ ತೊಲೆ ಇರುತ್ತಿತ್ತು. ಅದರ ಮೇಲೆ ಪೆಟ್ಟಿಗೆ ತೊಗಲಿನ ಪಟ್ಟಿಗಳಲ್ಲಿ ತೂಗಾಡುತ್ತಿತ್ತು. ಹತ್ತಲು ಏಣಿಯಂಥ ಮೆಟ್ಟಿಲು ಬೇಕು. ಎಲಿಯಟ್ಟನ ಸ್ಪ್ರಿಂಗನ್ನು ನೇರವಾಗಿ ಅಚ್ಚಿಗೆ ಬಿಗಿಯಬಹುದಾದ್ದರಿಂದ ಆ ತೊಲೆಯೇ ಬೇಡವಾಯಿತು, ಗಾಡಿ ಹಗುರಾಯಿತು, ಕೆಳಕ್ಕಿಳಿಯಿತು. ಅಂದರೆ ಗಾಡಿ ಇಳಿಸುವ ಚಪಲ ಕಾರಿಗಿಂತ ಹಳೆಯದು. ಕಾರು ಬಂದ ಮೇಲೂ ಅದೇ ಕಥೆ. ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಒಂದು ಕಂಪನಿ ಚಾಸಿಯನ್ನು ಆಕ್ಸಲ್ಲಿನ ಮೇಲೆ ಕೂರಿಸುವ ಬದಲು ಕೆಳಗೆ ನೇತುಹಾಕಿ ಅಂಡರ್‌ಸ್ಲಂಗ್ ಎಂಬ ತಗ್ಗು ಕಾರನ್ನು ಮಾಡಿತು. ಇಟಲಿಯ ಲಾನ್ಸಿಯ ಕಂಪನಿ 1922ರಲ್ಲಿ ಲಾಂಬ್ಡಾ ಎಂಬ ಕಾರಿನಲ್ಲಿ ಬೇರೆ ಚಾಸಿಯೇ ಇಲ್ಲದೆ, ಮುಂದಿನ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಸ್ಪ್ರಿಂಗು ಕೊಟ್ಟು ಗಾಡಿಯನ್ನು ಇನ್ನೂ ಇಳಿಸಿತು. ಇವರೆಲ್ಲ ಇಳಿಸಿದ್ದು ಅಂದಕ್ಕೂ ಹೌದು. ಆದರೆ ಇಳಿಸುವ ಮುನ್ನ ಇಡೀ ಗಾಡಿಯನ್ನು ಮತ್ತೆ ಯೋಚಿಸಿದರು. ನಾವು ಯೋಚಿಸಿದ್ದು ಗರಗಸದ ಬ್ಲೇಡು ಎಷ್ಟಕ್ಕೆ ಸಿಗುತ್ತದೆ ಎಂದು.

ನಾವು ಎಂದರೆ ನಾನು ಮತ್ತು ನಮ್ಮ ದೊಡ್ಡಪ್ಪನ ಮಗ. ದೊಡ್ಡಪ್ಪನದು ಅಕ್ಕಿ ಗಿರಣಿ. ಅವರು ಮಗನಿಗೆ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದನ್ನು ಕೊಡಿಸಿದ್ದರು. ಆಗ ನಮ್ಮ ದೇಶದಲ್ಲಿ ಕಾರು ಎಂದರೆ ಮೂರೇ ಜಾತಿ. ಕಲ್ಕತ್ತೆಯ ಅಂಬಾಸಿಡರ್, ಬೊಂಬಾಯಿಯ ಫಿಯಟ್, ಮದರಾಸಿನ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂದು 1959ರಲ್ಲಿ ಬಂದದ್ದು ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿತ್ತು. ಅಂಬಾಸಿಡರ್ ಸಾಹುಕಾರರಿಗೆ, ಫಿಯಟ್ ಡಾಕ್ಟರುಗಳಿಗೆ, ಹೆರಾಲ್ಡ್ ಹುಡುಗರಿಗೆ ಎಂದು ನಮ್ಮ ಕಡೆ ಒಂದು ಲೆಕ್ಕ. ಇಟಲಿಯ ಮಿಕೆಲೊಟ್ಟಿ ಬಿಡಿಸಿದ ಮೈಕಟ್ಟು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮೊಸಳೆಯ ಬಾಯಂತೆ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು. ತೆರೆದರೆ ಮುಂದಿನ ಚಕ್ರ, ಸ್ಪ್ರಿಂಗು, ಸ್ಟೀರಿಂಗಿನ ಕೈಗಳು ಎಲ್ಲವೂ ಕಣ್ಣೆದುರಿಗೆ. ಎಲ್ಲವೂ ಕಾಣಿಸುತ್ತಿದ್ದದ್ದರಿಂದಲೇ ಎಲ್ಲವೂ ತಿಳಿಯುತ್ತದೆ ಎಂಬ ಭ್ರಮೆ ನಮಗೆ ಬಂದಿರಬೇಕು.

ಆ ವರ್ಷ ಫೆಬ್ರುವರಿಯಲ್ಲಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ಮದರಾಸಿಗೆ ಹೋಗಿ, ಅಲ್ಲಿಂದ ಕಲ್ಕತ್ತೆ ರಸ್ತೆಯಲ್ಲಿರುವ ಶೋಳಾವರಂಗೆ ಬಸ್ಸು ಹಿಡಿದೆವು. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ ಅದು. ಯುದ್ಧ ಮುಗಿದ ಮೇಲೆ ಪಾಳು ಬಿದ್ದದ್ದನ್ನು ಮದರಾಸಿನ ಮೋಟಾರು ಹುಚ್ಚರು ರೇಸಿಗೆ ಬಳಸಿಕೊಂಡಿದ್ದರು. ಹುಲ್ಲು ಹಾಸಿನ ಮೇಲೆ ಕೂತು, ಬಿಸಿಲಲ್ಲಿ ಬೆಂದು, ಸಾಂಬಾರ್ ಅನ್ನ ತಿನ್ನುತ್ತ ನೋಡಿದೆವು. ನಮ್ಮ ರಸ್ತೆಯಲ್ಲಿ ಕಾಣುವಂಥದೇ ಫಿಯಟ್ಟು, ನಮ್ಮದೇ ಹೆರಾಲ್ಡು. ಆದರೆ ನೆಲಕ್ಕೆ ಎದೆ ಒತ್ತಿ ಓಡುವ ಚಿರತೆಗಳ ಹಾಗೆ. ವಾಪಸು ಬರುವಾಗ ರಾತ್ರಿಯಿಡೀ ರೈಲಿನಲ್ಲಿ ಅಣ್ಣ ಒಂದೇ ಮಾತು ಹೇಳಿದ: 'ನಮ್ಮದನ್ನೂ ಇಳಿಸೋಣ.' ಎಷ್ಟು ಎಂದು ಕೇಳಿದ್ದಕ್ಕೆ ಎರಡು ಬೆರಳು ತೋರಿಸಿದ.

ನಾನು ಆಗ ಬಿ.ಎಸ್ಸಿ. ಮುಗಿಸಿದ್ದೆ. ಹುಕ್‌ನ ನಿಯಮದಲ್ಲಿ ಪೂರ್ಣ ಅಂಕ ತೆಗೆದವನು. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಆ ನಿಯಮವನ್ನು ಬೇರೆಯವರು ಕದಿಯಬಾರದೆಂದು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, ಎರಡು ವರ್ಷದ ನಂತರ ಬಿಡಿಸಿ ಹೇಳಿದ. ಸ್ಪ್ರಿಂಗು ಎಷ್ಟು ಜಗ್ಗುತ್ತದೆಯೋ ಅಷ್ಟೇ ಬಲ, ಇಷ್ಟೇ ವಿಷಯ. ಪ್ರಯೋಗಶಾಲೆಯಲ್ಲಿ ನೂರು ಗ್ರಾಮಿನ ಬಿಲ್ಲೆಗಳನ್ನು ನೇತುಹಾಕಿ ಗ್ರಾಫು ಎಳೆದಿದ್ದೆ. ಸ್ಪ್ರಿಂಗನ್ನು ಕತ್ತರಿಸಿದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಊರಿನ ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗು ಬಿಚ್ಚಿಸಿಕೊಂಡೆವು. ಕತ್ತರಿಸಿದವನು ನಾನು. ಒಂದೊಂದಕ್ಕೂ ಎರಡು ಸುತ್ತು, ಮೂರು ಬ್ಲೇಡು. ಜೋಡಿಸಿದಾಗ ಹೆರಾಲ್ಡ್ ಮೂತಿ ತಗ್ಗಿಸಿ ನಿಂತದ್ದು ನೋಡಿ ಅಣ್ಣ ಸೀಟಿ ಹೊಡೆದ. ಕತ್ತರಿಸಿದ ತುಂಡುಗಳಲ್ಲಿ ಒಂದನ್ನು ಗಿರಣಿಯ ಲೆಕ್ಕದ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡ.

ಒಂಬತ್ತು ದಿನ ಓಡಿಸಿದೆವು. ಹತ್ತನೆಯ ದಿನ ಸಂಜೆ ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವಾಗ ಉಬ್ಬಿನ ಒಂದು ಮೋರಿ ಬಂತು. ಮೂತಿ ನೆಲಕ್ಕೆ ಬಡಿಯಿತು, ಮೇಲಕ್ಕೆ ಹಾರಿತು, ಕೆಳಗೆ ಬಂದಾಗ ಸ್ಟೀರಿಂಗು ಅಣ್ಣನ ಕೈಯಿಂದ ಕಿತ್ತುಕೊಂಡು ಎಡಕ್ಕೆ ಎಳೆಯಿತು. ಎಡಕ್ಕೆ ಸೈಕಲ್ಲಿನಲ್ಲಿ ಒಬ್ಬರು ಹೋಗುತ್ತಿದ್ದರು. ರಾತ್ರಿ ಪಾಳಿಗೆ ಗಣಿಗೆ ಹೊರಟ ಕೆಲಸಗಾರ. ಅವರ ಊಟದ ಡಬ್ಬಿ ರಸ್ತೆಯಲ್ಲಿ ಉರುಳಿಕೊಂಡು ಹೋದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಕಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಆ ಕಾರಿನಲ್ಲಿ ಅವರನ್ನು ಒಯ್ಯುವ ಹಾಗಿರಲಿಲ್ಲ. ಬಸ್ಸು ನಿಲ್ಲಿಸಿ, ಸೀಟಿನ ಮೇಲೆ ಮಲಗಿಸಿ ಆಸ್ಪತ್ರೆಗೆ ಸೇರಿಸಿದೆವು. ದೊಡ್ಡಪ್ಪ ಖರ್ಚು ಕೊಟ್ಟರು, ನಾಲ್ಕು ತಿಂಗಳು ಅವರ ಮನೆಗೆ ಅಕ್ಕಿ ಕಳಿಸಿದರು. ಪೊಲೀಸರವರೆಗೆ ಹೋಗಲಿಲ್ಲ, ಹೋಗಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವರು ಮತ್ತೆ ಗಣಿಯೊಳಗೆ ಇಳಿಯಲಿಲ್ಲ. ಮೇಲೆ ಕಡಿಮೆ ಸಂಬಳದ ಕೆಲಸ ಸಿಕ್ಕಿತು. ನಾನು ಅವರ ಲೈನು ಮನೆಗೆ ಹೋಗಿ ತಲೆ ತಗ್ಗಿಸಿ ಕೂತಾಗ ಅವರ ಹೆಂಡತಿ ಬೈಯಲಿಲ್ಲ. 'ಇನ್ನು ಏರ್ ಬ್ಲಾಸ್ಟಿನ ಭಯ ಇಲ್ಲ' ಎಂದರು. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳದೆ ಸಿಡಿಯುವುದಕ್ಕೆ ಕೆ.ಜಿ.ಎಫ್.ನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಸಿಡಿದಾಗ ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು. ಹೆಂಗಸರು ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಆಕೆ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲೇ ಪಕ್ಕದ ಮನೆಯ ಜಗುಲಿಯಲ್ಲಿ ಒಬ್ಬರು ಕೂತಿದ್ದರು. ಗಾಯಗೊಂಡವರ ಭಾವಮೈದುನ, ಗಣಿಯ ವೈಂಡಿಂಗ್ ಎಂಜಿನ್ ಕಡೆಯ ಫಿಟ್ಟರ್. ಐವತ್ತು ದಾಟಿದ್ದರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ತಮಿಳು ಬೆರೆತ ಕನ್ನಡ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, 'ಕಾಲು ಮುರಿದದ್ದು ಯಾವುದು? ಅದನ್ನು ತೋರಿಸಿ' ಎಂದರು. ಮರುದಿನ ಭಾನುವಾರ ರೈಲಿನಲ್ಲಿ ಬಂಗಾರಪೇಟೆಗೆ ಬಂದರು. ಬಾನೆಟ್ಟು ತೆರೆದು ಬಗ್ಗಿ ನೋಡಿದವರು ಮೊದಲು ಕೇಳಿದ್ದು, 'ಕತ್ತರಿಸಿದ ತುಂಡೆಲ್ಲಿ?'

ಅಣ್ಣ ಲೆಕ್ಕದ ಮೇಜಿನಿಂದ ತಂದುಕೊಟ್ಟ. ಮೇಸ್ತ್ರಿ ಕನ್ನಡಕ ಏರಿಸಿ ಅದರ ತುದಿಯನ್ನು ಬೆರಳಲ್ಲಿ ಸವರಿ ನೋಡಿದರು. 'ನಾನೂ ಕತ್ತರಿಸುತ್ತೇನೆ ತಂಬಿ. ಕೇಜಿನ ಹಗ್ಗದ ತುದಿಯನ್ನು ಕಾಲಕಾಲಕ್ಕೆ ಕತ್ತರಿಸಿ ಹೊಸದಾಗಿ ಕಟ್ಟುತ್ತೇವೆ. ಕತ್ತರಿಸಿದ ತುಂಡನ್ನು ಎಳೆ ಎಳೆಯಾಗಿ ಬಿಚ್ಚಿ, ಜಗ್ಗಿಸಿ, ಮುರಿದು ನೋಡುತ್ತಾರೆ. ಆ ತುಂಡು ಉಳಿದ ಹಗ್ಗದ ಜಾತಕ. ನೀನು ಜಾತಕದ ಮೇಲೆ ಬಿಲ್ಲು ಇಟ್ಟುಕೊಂಡಿದ್ದೀಯ.'

ಮೇಸ್ತ್ರಿಯ ಮಾತಿಗೆ ಅರ್ಥ ಬರಬೇಕಾದರೆ ಕೆ.ಜಿ.ಎಫ್.ನ ಆಳ ತಿಳಿದಿರಬೇಕು. ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆಯಲು ಶುರು ಮಾಡಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿ ಎಳೆದು ವಿದ್ಯುತ್ ತಂದರು; ಬೆಂಗಳೂರಿನ ಬೀದಿಗೆ ದೀಪ ಬರುವುದಕ್ಕೆ ಮೊದಲೇ ಗಣಿಗೆ ಬಂತು. ಅಲ್ಲಿಂದ ಮುಂದೆ ಕೆಳಗೆ, ಇನ್ನೂ ಕೆಳಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರು ದಾಟಿ ಇಳಿಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಪ್ರತಿ ಪಾಳಿಗೂ ಮನುಷ್ಯರನ್ನು ಪಂಜರದಲ್ಲಿ ತುಂಬಿ ಒಂದು ಉಕ್ಕಿನ ಹಗ್ಗದ ಮೇಲೆ ಇಳಿಸಬೇಕು. ಕಾರು ಇಳಿಸುವ ನಮ್ಮ ಎರಡಿಂಚಿನ ವಿದ್ಯೆಯನ್ನು ಆ ಮನುಷ್ಯನ ಮುಂದೆ ಪ್ರದರ್ಶಿಸಿದ್ದೆವು.

'ಹಗ್ಗವೂ ಸ್ಪ್ರಿಂಗೇ' ಎಂದರು ಮೇಸ್ತ್ರಿ. ಮೇಲಿನ ಮಟ್ಟದಲ್ಲಿ, ಹಗ್ಗ ಗಿಡ್ಡವಾಗಿರುವಾಗ ಪಂಜರಕ್ಕೆ ಜನ ಹತ್ತಿದರೆ ಅದು ಅಲುಗುವುದೇ ಇಲ್ಲ. ತಳದಲ್ಲಿ, ಹಗ್ಗ ಉದ್ದವಾಗಿರುವಾಗ ಅಷ್ಟೇ ಜನ ಹತ್ತಿದರೆ ಪಂಜರ ತೂಗುಮಂಚದ ಹಾಗೆ ಕೆಳಕ್ಕೆ ಜಗ್ಗಿ ಮೇಲಕ್ಕೆ ಬರುತ್ತದೆ. ಉದ್ದವಿದ್ದಷ್ಟೂ ಮೆತ್ತಗೆ, ಗಿಡ್ಡವಾದಷ್ಟೂ ಬಿಗಿ. 'ನೀನು ಸ್ಪ್ರಿಂಗನ್ನು ಗಿಡ್ಡ ಮಾಡಲಿಲ್ಲ. ಬೇರೆ ಸ್ಪ್ರಿಂಗು ಮಾಡಿದೆ. ಅದು ಯಾವುದೆಂದು ನಿನಗೇ ಗೊತ್ತಿಲ್ಲ.'

ನನ್ನ ಪೂರ್ಣ ಅಂಕಗಳು ಆ ಅಂಗಳದಲ್ಲಿ ವಸೂಲಾದವು. ಸುರುಳಿ ಸ್ಪ್ರಿಂಗು ಎಂದರೆ ಸುತ್ತಿಟ್ಟ ಉದ್ದ ಕಂಬಿ. ಕೆಲಸ ಮಾಡುವ ಸುತ್ತು ಎಂಟಿದ್ದು ಎರಡು ಕತ್ತರಿಸಿದರೆ ಬಿಗಿ ಮೂರನೆಯ ಒಂದು ಪಾಲು ಏರುತ್ತದೆ. ಬಿಗಿಯಾದರೆ ಒಳ್ಳೆಯದಲ್ಲವೇ ಎಂದು ಅಣ್ಣ ಕೇಳಿದ. ಲೆಕ್ಕ ಅಲ್ಲೇ ತಪ್ಪುವುದು. ಚಕ್ರ ಮೇಲೇರಿ ತಡೆರಬ್ಬರಿಗೆ ಬಡಿಯುವ ಮುನ್ನ ಮೂರಿಂಚು ಜಾಗವಿತ್ತು ಎನ್ನಿ. ಎರಡು ಇಳಿಸಿದರೆ ಉಳಿದದ್ದು ಒಂದು. ಸ್ಪ್ರಿಂಗು ನುಂಗಿಕೊಳ್ಳುವ ಪೆಟ್ಟು ಆ ಜಾಗದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. ಜಾಗ ಮೂರನೆಯ ಒಂದಾದರೆ ನುಂಗುವ ಶಕ್ತಿ ಸುಮಾರಾಗಿ ಒಂಬತ್ತನೆಯ ಒಂದಕ್ಕೆ ಇಳಿಯುತ್ತದೆ. ಹೆಚ್ಚಿದ ಬಿಗಿಯಿಂದ ಅದರಲ್ಲಿ ವಾಪಸು ಬರುವುದು ಚೂರೇ ಚೂರು. ಮಿಕ್ಕದ್ದನ್ನು ರಬ್ಬರು, ಚಾಸಿ, ಸ್ಟೀರಿಂಗು ಹಿಡಿದವನ ಕೈ, ನಮ್ಮ ವಿಷಯದಲ್ಲಿ ಸೈಕಲ್ಲಿನವರ ಕಾಲು ತಿಂದವು.

ಇದು ಕೆಳಗಿನ ಪೆಟ್ಟು. ಇನ್ನೊಂದು ಮೇಲಿನದು. ಹೆರಾಲ್ಡಿನ ಮುಂದೆ ಸ್ಪ್ರಿಂಗು ಶಾಕ್ ಅಬ್ಸಾರ್ಬರನ್ನು ಸುತ್ತಿಕೊಂಡೇ ಇರುತ್ತದೆ. ಹುಡುಗ ಹೇಳಿದ ಕಾಯಿಲ್ ಓವರಿನ ಹಿರಿಯಣ್ಣ ಅದು. ಗಾಡಿ ಮೇಲಕ್ಕೆ ಹಾರಿ ಚಕ್ರ ಪೂರ್ತಿ ಜೋತುಬಿದ್ದಾಗಲೂ ಸ್ಪ್ರಿಂಗು ಎರಡು ತಟ್ಟೆಗಳ ನಡುವೆ ಅಮುಕಿಕೊಂಡಿರಬೇಕು. ನಮ್ಮದು ಗಿಡ್ಡವಾಗಿ ಸಡಿಲವಾಯಿತು. ಮೇಲಾಗಿ ತುದಿಯ ಸುತ್ತು ಚಪ್ಪಟೆಯಾಗಿ ತಟ್ಟೆಯ ಮೇಲೆ ಕೂರುವಂತೆ ತಯಾರಾಗಿರುತ್ತದೆ. ನಾನು ಕತ್ತರಿಸಿದ್ದು ಅದನ್ನೇ. ಹಾರಿದಾಗ ತಿರುಗಿತು, ಇಳಿದಾಗ ಸೊಟ್ಟಗೆ ಕೂತಿತು, ಎಡಕ್ಕೆ ಎಳೆಯಿತು.

'ಹಾಗಾದರೆ ಇಳಿಸುವುದೇ ಬೇಡವೇ?' ಎಂದ ಅಣ್ಣ. ಮೇಸ್ತ್ರಿ ಬೇಡ ಎನ್ನಲಿಲ್ಲ. ಅದೇ ನನಗೆ ಆಶ್ಚರ್ಯ. 'ಮೊದಲು ಅಳೆ, ಆಮೇಲೆ ಆರಿಸು' ಎಂದರು. ನನಗನ್ನಿಸುತ್ತದೆ, ಆ ಗಾಡಿ ನೆಟ್ಟಗೆ ಓಡುವುದನ್ನು ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ಆರು ಭಾನುವಾರ ಬಂದರು. ಕೂಲಿ ಕೊಡಲು ಹೋದರೆ ಭಾವನ ಮನೆಗೆ ಕೊಡಿ ಎಂದರು.

ಅಳತೆಗೆ ಅವರು ಬಳಸಿದ್ದು ನಮ್ಮ ಗಿರಣಿಯ ಅಕ್ಕಿ ಮೂಟೆ. ಕ್ವಿಂಟಾಲಿನ ಮೂಟೆಯನ್ನು ಒಂದೊಂದಾಗಿ ಕಾರಿಗೆ ಹೇರಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದರು. ನೆಲದಿಂದ ಏಕೆ ಅಳೆಯಬಾರದು ಎಂದು ಕೇಳಿದೆ. 'ಟೈರಿನ ಗಾಳಿ ಸುಳ್ಳು ಹೇಳುತ್ತೆ.' ಮೂಟೆಗೆ ಎಷ್ಟು ತಗ್ಗಿತು ಎಂದು ಬರೆದುಕೊಂಡೆ. ಮೂರು ಮೂಟೆಯಾದಾಗ ನನ್ನ ಕೈಯಲ್ಲಿದ್ದದ್ದು ಕಾಲೇಜಿನ ಅದೇ ಗ್ರಾಫು. ಆಮೇಲೆ ಶಾಕ್ ಅಬ್ಸಾರ್ಬರಿನ ಹೊಳೆಯುವ ಕಡ್ಡಿಗೆ ಎಣ್ಣೆ ಹಚ್ಚಿದ ದಾರ ಕಟ್ಟಿ, ಗ್ಯಾರೇಜಿನಿಂದ ತಂದ ಹಳೆಯ ಪೂರ್ತಿ ಸ್ಪ್ರಿಂಗುಗಳ ಮೇಲೆ ನಾಲ್ಕು ಜನ ಕೂತು ಅದೇ ರಸ್ತೆಯಲ್ಲಿ ಹೋಗಿ ಬಂದೆವು. ಗಾಡಿ ಅಮುಕಿದಾಗ ದಾರ ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ದಾರದಿಂದ ರಬ್ಬರಿನವರೆಗೆ ಉಳಿದ ಜಾಗವೇ ನಿಮ್ಮ ಆಸ್ತಿ. ಇಳಿಸುವುದಾದರೆ ಅದರಲ್ಲಿ ಇಳಿಸಿಕೊಳ್ಳಬೇಕು. ನಮಗೆ ಉಳಿದದ್ದು ಒಂದೂಕಾಲು ಇಂಚು. ಎರಡಿಂಚಿನ ಆಸೆ ಅಲ್ಲಿಗೆ ಮುಗಿಯಿತು.

ಮುಂದಕ್ಕೆ ಮುಕ್ಕಾಲು ಇಂಚು ಎಂದು ತೀರ್ಮಾನವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಮಾದರಿ ಕೊಟ್ಟರೆ ಸ್ಪ್ರಿಂಗು ಸುತ್ತಿಕೊಡುವವರಿದ್ದರು. ಸುತ್ತುಗಳ ಸಂಖ್ಯೆ ಮೊದಲಿನಷ್ಟೇ, ತುದಿಗಳು ಚಪ್ಪಟೆ, ಜೋತುಬಿದ್ದಾಗಲೂ ಸಡಿಲವಾಗದ ಉದ್ದ, ಕಂಬಿ ಕೂದಲೆಳೆಯಷ್ಟು ದಪ್ಪ. ಕಂಬಿಯ ದಪ್ಪದಲ್ಲಿ ಎಚ್ಚರವಿರಬೇಕು. ಸುರುಳಿಯ ಬಿಗಿ ಕಂಬಿಯ ದಪ್ಪದ ನಾಲ್ಕನೆಯ ಘಾತಕ್ಕೆ ಏರುತ್ತದೆ. 10 ಮಿಲಿಮೀಟರಿನ ಕಂಬಿ 11 ಆದರೆ ಸಾಕು, ಬಿಗಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಕಾಸಿ ಕುಗ್ಗಿಸೋಣ ಎಂದು ಬೇರೊಬ್ಬರು ಸಲಹೆ ಕೊಟ್ಟಿದ್ದರು. ಮೇಸ್ತ್ರಿಗೆ ಅಪರೂಪಕ್ಕೆ ಸಿಟ್ಟು ಬಂದದ್ದು ಆಗ. 'ಉಕ್ಕಿಗೆ ಹದ ಅಂತ ಒಂದಿದೆ. ಗ್ಯಾಸು ತೋರಿಸಿದರೆ ಹದ ಹೋಗುತ್ತೆ. ಆಮೇಲೆ ಅದು ಸ್ಪ್ರಿಂಗಲ್ಲ, ಜಿಲೇಬಿ.' ಶಾಕ್ ಅಬ್ಸಾರ್ಬರು ಹೊಸದು ಹಾಕಿಸಿದರು. ಅದರ ಹೆಸರೇ ತಪ್ಪು, ಆಘಾತ ನುಂಗುವುದು ಸ್ಪ್ರಿಂಗು. ಇದು ಆಮೇಲಿನ ಕುಣಿತ ನಿಲ್ಲಿಸುವ ಬ್ರೇಕು ಮಾತ್ರ. ಸ್ಪ್ರಿಂಗು ಬಿಗಿಯಾದರೆ ಬ್ರೇಕೂ ಅದಕ್ಕೆ ತಕ್ಕಂತಿರಬೇಕು. ಪಂಜರಕ್ಕೂ ಅದೇ ನ್ಯಾಯವಂತೆ.

ಹಿಂದಿನದು ಬೇರೆಯೇ ಕಥೆ. ಹೆರಾಲ್ಡಿನ ಹಿಂದೆ ಎರಡು ಚಕ್ರಗಳಿಗೂ ಸೇರಿ ಅಡ್ಡಲಾಗಿ ಒಂದೇ ಕಮಾನು ಪಟ್ಟಿ. ಆಕ್ಸಲ್ ನಡುವೆ ಎರಡಾಗಿ ಹಕ್ಕಿಯ ರೆಕ್ಕೆಯಂತೆ ಆಡುತ್ತದೆ. ತಿರುವಿನಲ್ಲಿ ಹಿಂಭಾಗ ಮೇಲೆದ್ದರೆ ಚಕ್ರಗಳು ಒಳಕ್ಕೆ ಮಡಚಿಕೊಳ್ಳುವ ಸ್ವಭಾವ ಈ ಬಗೆಯ ಆಕ್ಸಲ್ಲಿಗೆಲ್ಲ ಉಂಟು. ಅಮೆರಿಕದಲ್ಲಿ ರಾಲ್ಫ್ ನಾಡರ್ 1965ರಲ್ಲಿ ಕಾರುಗಳ ಸುರಕ್ಷತೆಯ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯ ಇಂಥದೇ ಆಕ್ಸಲ್ಲಿದ್ದ ಕೊರ್ವೇರ್ ಕಾರಿನದು. ಇಂಗ್ಲೆಂಡಿನಲ್ಲಿ ಟ್ರಯಂಫ್ ತನ್ನ ಸ್ಪಿಟ್‌ಫೈರ್ ಕಾರಿನ ಹಿಂದಿನ ಪಟ್ಟಿಯನ್ನು 1970ರಲ್ಲಿ ಬದಲಾಯಿಸಿತು. ಮದರಾಸಿನವರು 1972ರ ಗೆಝೆಲ್ ಮಾದರಿಗೆ ಆ ರೆಕ್ಕೆಯನ್ನೇ ಬಿಟ್ಟು ಗಟ್ಟಿ ಆಕ್ಸಲ್ ಕೊಟ್ಟರು. ವಿಚಿತ್ರವೆಂದರೆ ಇಲ್ಲಿ ಸ್ವಲ್ಪ ಇಳಿಸುವುದೇ ಒಳ್ಳೆಯದು: ಚಕ್ರದ ನೆತ್ತಿ ತುಸು ಒಳಕ್ಕೆ ವಾಲಿ, ಮಡಚಿಕೊಳ್ಳುವ ಚಟ ಕಡಿಮೆಯಾಗುತ್ತದೆ. ಅದಕ್ಕೆ ಪಟ್ಟಿಯನ್ನು ಬಡಿಯಬೇಕಾಗಿಲ್ಲ. ಪಟ್ಟಿಗೂ ಅದರ ಕೆಳಗಿನ ಗೇರು ಪೆಟ್ಟಿಗೆಗೂ ನಡುವೆ ಒಂದು ಕಬ್ಬಿಣದ ಹಲಗೆ ಇಟ್ಟು ಉದ್ದನೆಯ ಬೋಲ್ಟು ಹಾಕಿದರೆ ಸಾಕು. ಪಟ್ಟಿ ಮೇಲೇರುತ್ತದೆ, ಚಕ್ರಗಳು ಮೇಲೇರುತ್ತವೆ, ಗಾಡಿ ಇಳಿಯುತ್ತದೆ.

ಆ ಹಲಗೆಗೆ ಗಣಿಯ ವರ್ಕ್‌ಶಾಪಿನಲ್ಲಿ ಒಂದು ಚೂರು ಸಿಗುವುದಿಲ್ಲವೇ ಎಂದು ಅಣ್ಣ ಕೇಳಿಯೇಬಿಟ್ಟ. ಚಿನ್ನದ ಗಣಿ, ಗೇಟಿನಲ್ಲಿ ಪ್ರತಿಯೊಬ್ಬರನ್ನೂ ತಪಾಸಣೆ ಮಾಡಿ ಬಿಡುತ್ತಿದ್ದ ಕಾಲ. ಮೇಸ್ತ್ರಿ ಉತ್ತರ ಕೊಡಲಿಲ್ಲ. ಬಂಗಾರಪೇಟೆಯ ಗುಜರಿಯಲ್ಲಿ ಲಾರಿಯ ಹಳೆಯ ಉಕ್ಕಿನ ಗಟ್ಟಿಯೊಂದನ್ನು ತೂಕದ ಮೇಲೆ ನಮ್ಮಿಂದಲೇ ಕೊಳ್ಳಿಸಿ, ಎರಡು ಭಾನುವಾರ ಕೂತು ಕೈಯರದಲ್ಲಿ ಉಜ್ಜಿ ಮುಕ್ಕಾಲು ಇಂಚಿಗೆ ತಂದರು. ಗಾಜಿನ ತುಂಡಿನ ಮೇಲಿಟ್ಟು ಅಲ್ಲಾಡಿಸಿ ನೋಡುತ್ತಿದ್ದರು, ಸದ್ದು ಬಂದರೆ ಮತ್ತೆ ಅರ. ಕೊನೆಗೆ ಎರಡು ಕಡೆ ದಾರ ಎಳೆದು ನಾಲ್ಕೂ ಚಕ್ರಗಳ ನೇರ ಹೊಂದಿಸಿದರು. ಏಕೆಂದರೆ ಎತ್ತರ ಬದಲಾದರೆ ಸ್ಟೀರಿಂಗಿನ ಕೈಗಳ ಕೋನ ಬದಲಾಗಿ ಚಕ್ರಗಳು ಬೇರೆ ದಿಕ್ಕು ನೋಡುತ್ತವೆ.

ಎಲ್ಲ ಆದ ಮೇಲೆ ಕಾರು ನೋಡಲು ಮೊದಲಿನಂತೆಯೇ ಇತ್ತು. ಮುಕ್ಕಾಲು ಇಂಚನ್ನು ಯಾರು ಗುರುತಿಸುತ್ತಾರೆ? ಆದರೆ ಆ ಮೋರಿಯ ಮೇಲೆ ಹೋದಾಗ ಒಂದೇ ಸಲ ಬಗ್ಗಿ, ಒಂದೇ ಸಲ ಎದ್ದು, ಮುಂದಕ್ಕೆ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಮೇಸ್ತ್ರಿ 'ಸರಿ' ಎಂದರು. ಅಣ್ಣ ಅದನ್ನು ಶೋಳಾವರಂನಲ್ಲಿ ಓಡಿಸಲಿಲ್ಲ. ಅದು ಬಹಳ ವರ್ಷ ಮದುವೆಗಳಿಗೆ ಓಡಿತು.

ಆಮೇಲೆ ಒಂದೊಂದೇ ನಿಂತವು. ಮದರಾಸಿನ ಆ ಕಾರ್ಖಾನೆ 1980ರ ದಶಕದ ಕೊನೆಯ ಹೊತ್ತಿಗೆ ಕಾರು ಮಾಡುವುದನ್ನು ಬಿಟ್ಟಿತು. ರೇಸುಗಳು 1990ರಲ್ಲಿ ಇರುಂಗಾಟ್ಟುಕೋಟೆಯ ಹೊಸ ಹಾದಿಗೆ ಹೋದವು. 1956ರಲ್ಲಿ ರಾಜ್ಯ ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿದ್ದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪುಗಳು ನಿಂತ ಮೇಲೆ ಕೆಳಗೆಲ್ಲ ನೀರು ತುಂಬಿತು. ಮೇಸ್ತ್ರಿ ಅದಕ್ಕೆ ಮೊದಲೇ ನಿವೃತ್ತರಾಗಿ, ಮೊದಲೇ ತೀರಿಕೊಂಡಿದ್ದರು. ಅವರು ಏನನ್ನೂ ಬರೆದಿಟ್ಟವರಲ್ಲ. ಹೆರಾಲ್ಡನ್ನು ಗುಜರಿಗೆ ಹಾಕುವಾಗ ಆ ಉಕ್ಕಿನ ಹಲಗೆಯನ್ನು ಬಿಚ್ಚಿ ಇಟ್ಟುಕೊಂಡೆ. ಕತ್ತರಿಸಿದ ಸ್ಪ್ರಿಂಗಿನ ತುಂಡೂ ಅದರ ಜೊತೆಗಿದೆ.

ಅವೆರಡನ್ನೂ ಮೊಮ್ಮಗನ ಮುಂದಿಟ್ಟೆ. ಕಾನೂನನ್ನೂ ಹೇಳಿದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿದೆ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಕಾನೂನು ಅವನ ಮೇಲೆ ಏನೂ ಪರಿಣಾಮ ಮಾಡಲಿಲ್ಲ. 'ಎಲ್ಲರೂ ಮಾಡಿಸ್ತಾರೆ ತಾತ.' ಸರಿ, ಅಳೆಯೋಣ ಬಾ ಎಂದೆ.

ಈಗ ಅಕ್ಕಿ ಇಪ್ಪತ್ತೈದು ಕಿಲೋ ಚೀಲದಲ್ಲಿ ಬರುತ್ತದೆ, ನನ್ನ ಸೊಂಟಕ್ಕೆ ಅದೇ ಹೆಚ್ಚು. ಎತ್ತಿದವನು ಅವನೇ. ಮುಂದಿನ ಚಕ್ರ ಕಳಚಿ, ಧೂಳಿನ ಟೋಪಿಯನ್ನು ಮೇಲೆತ್ತಿ, ಕಡ್ಡಿಗೆ ದಾರದ ಬದಲು ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿ ಬಿಗಿದೆವು. ಅವನು, ಅವನ ತಂಗಿ, ಅಕ್ಕ, ನಾನು, ನಾಲ್ವರೂ ಕೂತು ಕೆ.ಜಿ.ಎಫ್. ಕಡೆಗೆ ಹೊರಟೆವು. ಆ ಮೋರಿಯನ್ನು ಅಗಲ ಮಾಡಿದ್ದಾರೆ, ಉಬ್ಬು ಈಗಿಲ್ಲ. ಅದರ ಬದಲಿಗೆ ರಸ್ತೆಯುಬ್ಬುಗಳು. ಊರಿಗಾಂನ ಹತ್ತಿರ ಸೈನೈಡ್ ದಿಬ್ಬಗಳ ಕೆಳಗೆ ಗಾಡಿ ತಿರುಗಿಸಿ ವಾಪಸು ಬಂದೆವು. ಚಕ್ರ ಬಿಚ್ಚಿ ಟೇಪು ಹಿಡಿದ. ಪಟ್ಟಿಗೂ ರಬ್ಬರಿಗೂ ನಡುವೆ ಒಂದು ಇಂಚಿಗೆ ಎರಡು ನೂಲು ಕಡಿಮೆ.

ಮತ್ತೊಮ್ಮೆ ಅಳೆದ. ಅಷ್ಟೇ ಬಂತು. ಫೋನಿನ ಪಟ್ಟಿಯನ್ನು ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಸ್ಪ್ರಿಂಗಿನ ತುಂಡನ್ನು ಕೈಯಲ್ಲಿ ತಿರುಗಿಸುತ್ತ, 'ಆ ಸೈಕಲ್ಲಿನವರು ಈಗ ಎಲ್ಲಿದ್ದಾರೆ ತಾತ?' ಎಂದು ಕೇಳಿದ.

ಅವರು ಹೋಗಿ ಹದಿನೈದು ವರ್ಷವಾಯಿತು, ಕೊನೆಯವರೆಗೂ ಕುಂಟುತ್ತಿದ್ದರು ಎಂದೆ. ಮಗ ಇದ್ದಾನೆ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸು ಬರುತ್ತಾನೆ.